ಒಂಬತ್ತನೆಯ ಬಿಲ್ಲೆ

ತಿಳವಳ್ಳಿ
೧೫-೧೨-೧೯೪೩

ಸಿಟ್ಟು ಮಾಡಿಕೊಂಡು ದುಂಡಸಿಗೆ ಹೋಗಿ ಅಕ್ಕನ ಕೈಯ ರೊಟ್ಟಿ ತಿನ್ನುತ್ತ ಕುಳಿತಿರುವ ನಮ್ಮ ಮನೆಯವರಿಗೆ, ದಾನವ್ವ ಮಾಡುವ ಶರಣು.

ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಮಾತ್ರ ನೀವಿಲ್ಲದೆ ಸರಿಯಾಗಿ ಹಿಂಡಗೊಡುತ್ತಿಲ್ಲ. ನನ್ನ ವಿಷಯ ಕೇಳಬೇಡಿ. ನಾನು ಎಮ್ಮೆಯಲ್ಲವಲ್ಲ, ಒದ್ದು ತೋರಿಸಲಿಕ್ಕೆ!

ಇಷ್ಟು ದಿನ ಬರೆಯದೆ ಇದ್ದದ್ದು ಹಟದಿಂದಲೇ. ಈಗ ಬರೆಯಲು ಕಾರಣವಿದೆ. ನಿಮ್ಮ ಬಿಲ್ಲೆಗಳ ಜಾತಕ ಸಿಕ್ಕಿದೆ.

ಕೆರೆಯ ಹಿಂದಿನ ಹೊಲದಲ್ಲಿ ಹಾರೆಯಿಂದ ನೆಲ ಕುಟ್ಟುತ್ತ, ಕಿವಿಗೊಟ್ಟು ಕೇಳುತ್ತ ತಿರುಗುವ ನಿಮ್ಮನ್ನು ನೋಡಿ ಊರೇ ನಕ್ಕಿತ್ತು. ನೀವು ಬಿಡಲಿಲ್ಲ. ಹಾರೆ ಠಣ್ ಎಂದ ಕಡೆ ಅಗೆದು, ನಡುವೆ ಚೌಕ ತೂತಿದ್ದ ಒಂಬತ್ತು ಹಿತ್ತಾಳೆ ಬಿಲ್ಲೆ ತಂದಿರಿ. "ಆಡೂರ ಶಾಸನದ ಅರಸರ ನಾಣ್ಯ ಇವು. ನೋಡ್ರಿಲ್ಲೆ, ಶ್ರೀ ಅಂತ ಐತಿ" ಎಂದು ಕಟ್ಟೆಯ ಮೇಲೆ ಕುಳಿತವರಿಗೆಲ್ಲ ತೋರಿಸಿದಿರಿ. ನಾನಾದರೂ ಸುಮ್ಮನಿರಬಾರದೇ? "ಈ ವರ್ಷ ಸರಕಾರ ಬಿಟ್ಟ ತೂತಿನ ದುಡ್ಡರಿ ಅದು. ಟಂಕಸಾಲಿಯವನ ಕೈ ಜಾರಿ ತೂತು ಚೌಕ ಆಗೇತಿ" ಎಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿಮ್ಮ ಮುಖ ಸಣ್ಣದಾಯಿತು. ಆ ತಪ್ಪು ನನ್ನದೇ.

ಆದರೆ ಮರುದಿನ ಎಣಿಸಿದಾಗ ಎಂಟೇ ಇದ್ದವೆಂದು ನನ್ನ ತಮ್ಮ ಉಳಿವೆಪ್ಪನ ಹೆಸರು ತೆಗೆದಿರಲ್ಲ, ಅದು ಯಾರ ತಪ್ಪು? "ಅಂವ ಬಂದು ಹ್ವಾದ ಮ್ಯಾಲೇ ಒಂದು ಕಡಿಮಿ ಆಗೇತಿ" ಅಂದಿರಿ. ನಾನು ತಕಲಿ ಎತ್ತಿಕೊಂಡು ಒಳಗೆ ಹೋದೆ. ನೀವು ಎಂಟನ್ನೂ ಅಲ್ಲೇ ಎಸೆದು ಚೀಲ ಹೆಗಲಿಗೇರಿಸಿದಿರಿ.

ಹೋದ ವಾರ ಸವಣೂರಿಗೆ, ತವರಿಗೆ, ಹೋದಾಗ ಅವನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಒಯ್ದೆ. ಪಕ್ಕದ ಮನೆಯ ಅಖ್ತರುನ್ನೀಸಾ ವೀಳ್ಯದೆಲೆಯ ಕಟ್ಟು ಕಟ್ಟುತ್ತಿದ್ದವರು ನೋಡಿದ ಕೂಡಲೇ ಅಣ್ಣನನ್ನು ಕೂಗಿದರು. ಆ ಅಣ್ಣ ರಂಗೂನಿನಲ್ಲಿ ಚೀನಾದ ಬಡಗಿಯೊಬ್ಬನ ಹತ್ತಿರ ಹನ್ನೆರಡು ವರ್ಷ ದುಡಿದು, ಹೋದ ವರ್ಷ ಯುದ್ಧ ಬಂತೆಂದು ಕಾಡು ದಾಟಿ ನಡೆದು ಬಂದವರು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಹಿಡಿದು ನಕ್ಕರು. "ಇದು ಚೀನಾದ್ದು, ತಂಗಿ. ಮೊದಲ ಮ್ಯಾಲಿಂದು, ಆಮ್ಯಾಲೆ ಕೆಳಗಿಂದು, ಬಲಕಿಂದು, ಕಡೀಕ ಎಡಕಿಂದು. ಹಂಗ ಓದಬೇಕು" ಎಂದು ನಾಲ್ಕೂ ಅಕ್ಷರ ಓದಿಯೇ ಬಿಟ್ಟರು. ಚಿಯೆನ್‌ಲುಂಗ್ ಎಂಬ ಬಾದಶಹನ ಕಾಲದ್ದಂತೆ. ಏನಿಲ್ಲೆಂದರೂ ನೂರೈವತ್ತು ವರ್ಷ ಹಳೆಯದಂತೆ. ನಿಮ್ಮ 'ಶ್ರೀ'ಯನ್ನು ನೀವು ತಲೆಕೆಳಗಾಗಿ ಹಿಡಿದು ಓದಿದ್ದಿರಿ!

ಅಂತೂ ನಿಮ್ಮದೂ ಸುಳ್ಳಾಯಿತು, ನನ್ನದೂ ಸುಳ್ಳಾಯಿತು. ನಿಮ್ಮ ಹಾರೆ ಮಾತ್ರ ಸುಳ್ಳಾಡಿರಲಿಲ್ಲ. ಇದನ್ನು ಅದೇ ಕಟ್ಟೆಯ ಮುಂದೆ ನಿಂತು, ಅದೇ ಜನರಿಗೆ ನಾನೇ ಹೇಳಿ ಬಂದಿದ್ದೇನೆ. ಚೀನಾದ ದುಡ್ಡು ತಿಳವಳ್ಳಿಗೆ ಹೇಗೆ ಬಂತೆಂದು ಲಕ್ಷ್ಮಪ್ಪ ಮಾಸ್ತರರು ಕೇಳಿದರು. "ನಮ್ಮ ಮನಿಯವರು ಬಂದು ಹೇಳ್ತಾರ್ರಿ" ಅಂದಿದ್ದೇನೆ. ಏನಾದರೊಂದು ಯೋಚಿಸಿಕೊಂಡೇ ಬನ್ನಿ.

ಎಳ್ಳಮಾಸಿಗೆ ಹನ್ನೆರಡೇ ದಿನ ಉಳಿದಿದೆ. ಶೇಂಗಾ ಹುರಿದಿಟ್ಟಿದ್ದೇನೆ. ನೀವು ಬಾರದಿದ್ದರೆ ಹೊಲದಲ್ಲಿ ಭೂಮಿತಾಯಿಗೆ ಎಡೆ ಇಟ್ಟು ಚರಗ ಚೆಲ್ಲುವವರು ಯಾರು? ನಿಮ್ಮ ಅಂಗಿಗೆಂದು ದಿನಾಲೂ ತಕಲಿಯಲ್ಲಿ ನೂಲುತ್ತೇನೆ. ನೀವಿಲ್ಲದ ಮನೆ ನನಗೆ ಬೇಡವಾಗಿದೆ. ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ.

ಬಾಗಿಲು ಕಾಯುತ್ತಿರುವ
ದಾನವ್ವ

ತಾ.ಕ.: ಒಂಬತ್ತನೆಯ ಬಿಲ್ಲೆ ಸಿಕ್ಕಿದೆ. ನಿಜ ಹೇಳಬೇಕೆಂದರೆ ಅದು ಕಳೆದೇ ಇರಲಿಲ್ಲ. ನನ್ನ ತಕಲಿಯ ಬಿಲ್ಲೆ ಒಡೆದಿತ್ತು. ಇದರ ಚೌಕ ತೂತಿಗೆ ಬಿದಿರುಕಡ್ಡಿ ಹೇಳಿ ಮಾಡಿಸಿದಂತೆ ಕೂತಿತು. ಹೇಳಬೇಕೆನ್ನುವಷ್ಟರಲ್ಲಿ ನೀವು ತಮ್ಮನ ಹೆಸರೆತ್ತಿದಿರಿ, ನನಗೂ ಸಿಟ್ಟು ನೆತ್ತಿಗೇರಿತು. ಈಗ ಅದು ಎಷ್ಟು ಎಳೆದರೂ ಬರುತ್ತಿಲ್ಲ, ನೀವೇ ಬಂದು ಕೀಳಬೇಕು. ಆದರೆ ಅಂಗಿಗೆ ಇನ್ನೂ ಎರಡು ಲಡಿ ನೂಲು ಬೇಕು. ಅಲ್ಲಿಯವರೆಗೆ ಬಾದಶಹ ತಿರುಗುತ್ತಿರಲಿ.