ಮರದ ಸೊಂಟದ ಅಳತೆ

ನವೆಂಬರ್ ೯, ಭಾನುವಾರ

ನಾಲ್ಕು ದಿನದಿಂದ ಮಾತು ಬಿಟ್ಟಿದ್ದ ಹೆಂಡತಿ ಇವತ್ತು ಮಾತಾಡಿದಳು. ಒಟ್ಟು ಎರಡು ಸಲ.

ತಪ್ಪು ನನ್ನದೇ. ಈ ಚಾರಣಕ್ಕೆಂದು ಅವಳಿಗೊಂದು ಕೋಟು ಹೊಲಿಯಲು ನಮ್ಮ ಟೈಲರ್ ಅಂಗಡಿಯಲ್ಲೇ ಅಳತೆ ತೆಗೆದೆ. ನಾನು ಟೇಪು ಹಿಡಿದು ಕೂಗುವುದು, ಮೇಜಿನ ಹಿಂದೆ ಕೂತ ನನ್ನ ಅಕ್ಕ ಬರೆದುಕೊಳ್ಳುವುದು ಇಪ್ಪತ್ತು ವರ್ಷದ ಅಭ್ಯಾಸ. "ಸೊಂಟ ಮೂವತ್ತೆಂಟು!" ಎಂದು ಕೂಗಿಬಿಟ್ಟೆ. ಅಂಗಡಿ ತುಂಬ ಗಿರಾಕಿಗಳು.

"ಹೋದ ವರ್ಷ ಮೂವತ್ನಾಲ್ಕಿತ್ತಲ್ಲೋ!" ಎಂದು ಅಕ್ಕ ನನಗಿಂತ ಜೋರಾಗಿ ಕೂಗಿದಳು.

ಇವತ್ತು ರಾಷ್ಟ್ರೀಯ ಉದ್ಯಾನದ ದೈತ್ಯ ಮರಗಳ ನಡುವೆ ಆರು ಕಿಲೋಮೀಟರ್ ತುಟಿ ಬಿಚ್ಚದೆ ನಡೆದೆವು. ಎಲ್ಲಕ್ಕಿಂತ ದಪ್ಪ ಮರದೆದುರು ನಿಂತಾಗ ನನ್ನ ಕೈ ತಾನಾಗಿ ಜೇಬಿನ ಟೇಪಿಗೆ ಹೋಯಿತು. ಅವಳು ಸುಮ್ಮನೆ ಬಂದು ಒಂದು ತುದಿ ಹಿಡಿದಳು. ಟೇಪು ಇರುವುದು ಐದಡಿ. ಅವಳು ಬೆರಳಿಟ್ಟಲ್ಲಿಂದ ನಾನು ಎಳೆಯುತ್ತ, ಎಂಟು ಸಲ ಅಳೆದು ಸುತ್ತು ಮುಗಿಸಿದೆವು.

"ಎಷ್ಟು ಬಂತು? ಕೂಗಿ ಹೇಳಿ, ನಿಮ್ಮಕ್ಕನಿಗೂ ಕೇಳಿಸಲಿ," ಅಂದಳು.

ಅವಳ ಕಿವಿಯ ಹತ್ತಿರ ಬಗ್ಗಿ, "ನಾನೂರ ಎಂಬತ್ತು ಇಂಚು. ಮರಕ್ಕೆ ಕೇಳಿಸಬಾರದು," ಎಂದೆ.

ನಕ್ಕುಬಿಟ್ಟಳು. ಅಷ್ಟಕ್ಕೇ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ.

"ವಯಸ್ಸಾಗ್ತಾ ಆಗ್ತಾ ಯಾರದಾದ್ರೂ ಸೊಂಟ ದಪ್ಪ ಆಗುತ್ತೆ ಬಿಡು," ಅಂದೆ.

"ಯಾರಿಗೆ ವಯಸ್ಸಾಗಿದ್ದು?"

ಅದೇ ಎರಡನೆಯ ಸಲ. ಬರುವಾಗಿನ ಆರು ಕಿಲೋಮೀಟರೂ ಮುಂದೆ ಹೋಗುತ್ತಿದ್ದ ಅವಳ ಕೋಟಿನ ಬೆನ್ನನ್ನೇ ನೋಡಿಕೊಂಡು ನಡೆದೆ.

ಹೊಲಿಗೆಯೇನೋ ನೇರವಾಗಿ ಬಂದಿದೆ.