ತೇಲುವ ತುದಿ

ತುಡಿಯಲೂರು, ಏಪ್ರಿಲ್ ೨೦೦೬

ಧನಪಾಲ್,

ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದರೂ ನಿನಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಇವತ್ತು ತೊಂಡಾಮುತ್ತೂರಿನ ಕೆರೆಯಲ್ಲಿ ಮೊಳದುದ್ದದ ಗೆಂಡೆ ಹಿಡಿದೆ. ಬಿಸಿಲಿಗೆ ಮೀನೆಲ್ಲ ತಳ ಸೇರುತ್ತವೆ, ಆಗ ದಾರದ ಮುಂದಕ್ಕೆ ಭಾರದ ತುಂಡುದಾರವನ್ನು, ಆ ಮುಳುಗುವ ತುದಿಯನ್ನೇ ಸಿಕ್ಕಿಸಬೇಕು, ಗರಿ ಕಟ್ಟಿದ ಗಾಳವನ್ನು ಅದೇ ಕೆಳಗೆ ಒಯ್ಯುತ್ತದೆ ಎಂದು ಎಷ್ಟು ಬಡಕೊಂಡಿದ್ದೆ! ನೀನು ತೇಲುವ ತುದಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. “ಮೀನು ಮೇಲ ಬಂದು ಕಚ್ಚೋದ ಕಣ್ಣಾಲ ನೋಡ್ಬೇಕು, ಅದುದಾನ್ ಸಂತೋಷ” ಅನ್ನುತ್ತಿದ್ದೆ. ನೋಡುತ್ತ ಕೂತವರಿಗೆ ಸಾರಿಗೆ ಮೀನು ಸಿಗುವುದಿಲ್ಲ ಮಾರಾಯ. ನನಗೆ ಸಿಕ್ಕಿತು.

ನನ್ನನ್ನೂ ಈ ಮನೆಯನ್ನೂ ಬಿಟ್ಟು ಹೋಗುವಾಗ ನೀನು ಕೋಲು, ರೀಲು, ಮುಳುಗುವ ತುದಿ ಎಲ್ಲವನ್ನೂ ನನಗೇ ಕೊಟ್ಟೆ. ತೇಲುವ ತುದಿಯನ್ನು ಮಾತ್ರ ಸುತ್ತಿ ಜೇಬಿಗೆ ಹಾಕಿಕೊಂಡೆ. ಕೋಲಿಲ್ಲದೆ ಅದನ್ನು ಏನು ಮಾಡುತ್ತೀಯೋ, ನಾನಂತೂ ಕೇಳಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಮೀನುಗಳು ಮೇಲೆ ಬಂದು ಹುಳ ಹಿಡಿಯತೊಡಗಿದವು. ನೀರಿನ ಮೇಲೆಲ್ಲ ಉಂಗುರ ಏಳುತ್ತಿತ್ತು. ನನ್ನ ಗಾಳವೋ ತಳದಲ್ಲಿ. ದಾರ ಸುತ್ತಿಟ್ಟು, ಕತ್ತಲಾಗುವವರೆಗೂ ನೋಡುತ್ತ ಕೂತೆ.

ಜೊತೆಗೆ ನಮ್ಮ ಆಫೀಸಿನ ಗೋಕಿಲಾ ಬಂದಿದ್ದಳು. ಮುಂದಿನ ತಿಂಗಳು ಟ್ರೇನಿಂಗಿಗೆಂದು ಇಂಗ್ಲೆಂಡಿಗೆ ಹೊರಟಿದ್ದಾಳೆ.

“ತೇಲೋ ತುದಿ ಒಂದು ಅಲ್ಲಿ ಅಂಗಡೀಲಿ ವಾಂಗಿ ತರ್ಲಾ ಅಕ್ಕಾ?” ಎಂದಳು.

“ಬೇಡ ಗೋಕಿಲಾ, ನಮ್ಮ ಹತ್ರ ಇದೆ” ಎಂದೆ.