ಅಳಿಯ ನಿಲ್ಲುವ ಜಾಗಗಳು

ಮಾರ್ಚ್ ೩, ಸೋಮವಾರ

ಆಫೀಸ್ ಬಿಲ್ಡಿಂಗಿನ ಹಾಲ್ ಒರೆಸಿದ್ದಾಯಿತು. ಗಾಜಿನ ಬಾಗಿಲು ಓರಗಿತ್ತಿ ಮುಗಿಸಿದಳು. ಮೇಲಿನ ಮಹಡಿಗಳಲ್ಲಿ ಅರ್ಧ ಕುರ್ಚಿ ಖಾಲಿ. ಎಲ್ಲರೂ ಮನೆಯಲ್ಲೇ ಕೂತು ಆಫೀಸು ಕೆಲಸ ಮಾಡುತ್ತಾರಂತೆ. ಅದಕ್ಕೇ ಬಿಲ್ಡಿಂಗ್ ಮ್ಯಾನೇಜರ್ ನಮ್ಮ ಓನರಿಗೆ ಹೇಳಿದ್ದಾರೆ—ಜನ ಕಮ್ಮಿ, ಕಸ ಕಮ್ಮಿ, ನಿಮ್ಮವರೂ ಕಮ್ಮಿ ಆಗಲಿ. ಜನ ಬರದಿದ್ದರೆ ಧೂಳೂ ರಜೆ ಹಾಕುತ್ತದೆಯೇ? ಹೇಳಿದರೆ ಕೇಳುವವರು ಯಾರು.

ಓನರ್ ಎಂದರೆ ಬಕೆಟ್ ಸಾರ್. ಒಂದೇ ಬಕೆಟ್ ಇಟ್ಟುಕೊಂಡು ತಾವೇ ನೆಲ ಒರೆಸಿ ಕಂಪನಿ ಶುರು ಮಾಡಿದವರು. ಹೆಸರಿಟ್ಟಿದ್ದು ನಾವು, ಅವರಿಗೂ ಗೊತ್ತು. ಕ್ಲೀನಿಂಗ್ ಕಾಂಟ್ರ್ಯಾಕ್ಟಿನವರಿಗೆ ಕಾಲ ಕೆಟ್ಟಿದೆ ಎಂದರು. ಅಕ್ಕಪಕ್ಕದ ಬಿಲ್ಡಿಂಗುಗಳು ಕೈತಪ್ಪಿವೆ, ಯಾರೋ ಇನ್ನೂ ಕಡಿಮೆ ರೇಟಿಗೆ ಒಪ್ಪಿಕೊಂಡರಂತೆ. ಇದೊಂದನ್ನು ಉಳಿಸಿಕೊಳ್ಳಲು ಬಾಡಿಗೆಗೆ ಮೆಷಿನ್ ತರುತ್ತಾರೆ. ನೆಲ ಅದೇ ಒರೆಸುತ್ತದೆ. ನಾಲ್ವರಲ್ಲಿ ಇಬ್ಬರು ಮಾತ್ರ ಇಲ್ಲಿ—ಒಬ್ಬಳು ಮೆಷಿನ್ನಿಗೆ, ಒಬ್ಬಳು ಬಾತ್‌ರೂಮು, ಗಾಜಿಗೆ.

ಮಂಡಿ ಬೆಳಿಗ್ಗೆಯಿಂದ ಕಾಡುತ್ತಿದೆ. ಕೆಲಸದ ಕಡೆ ಯಾರಿಗೂ ಹೇಳಿಲ್ಲ. ಬಾತ್‌ರೂಮಿನಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜುವುದು ಇನ್ನು ನನ್ನಿಂದ ಆಗದು. ಮೆಷಿನ್ ಸಿಕ್ಕರೆ ಕೆಲಸ ಉಂಟು. ಇಲ್ಲವಾದರೆ ಮನೆ.

ಮಾರ್ಚ್ ೫, ಬುಧವಾರ

ಸಿಕ್ಕಿತು. ಬಕೆಟ್ ಸಾರ್ ಎಲ್ಲರ ಮುಂದೆ ಹೇಳಿದರು: "ಗೆರೆ ಎಳೆದ ಹಾಗೆ ಒರೆಸೋರು ಇವರೇ. ಮೆಷಿನ್ ಇವರಿಗೇ ಇರಲಿ."

ಚಿಕ್ಕ ವಯಸ್ಸಿನವರಿಬ್ಬರನ್ನು ಆಸ್ಪತ್ರೆ ಕೆಲಸಕ್ಕೆ ಕಳಿಸಿದ್ದಾರೆ. ಬಾತ್‌ರೂಮು, ಗಾಜು ಓರಗಿತ್ತಿಗೆ. ಪಾಪ, ಮುಖ ಸಣ್ಣದು ಮಾಡಲಿಲ್ಲ. ಅವಳ ಗಂಡ, ನನ್ನ ಗಂಡ ಅಣ್ಣ ತಮ್ಮಂದಿರಾದರೂ ಮಾತು ಬಿಟ್ಟು ಕಾಲವಾಯಿತು. ನಾವಿಬ್ಬರು ಮಾತ್ರ ಒಂದೇ ಡಬ್ಬಿಯಲ್ಲಿ ಊಟ.

ಮಾರ್ಚ್ ೧೧, ಮಂಗಳವಾರ

ಮೆಷಿನ್ ಬಂತು. ಬಿಳಿ ಬಣ್ಣ, ಹೊಟ್ಟೆಯಲ್ಲಿ ನೀರು. ಅದಕ್ಕೊಂದು ಮೂಲೆ ಬಿಡಿಸಿ, ಕರೆಂಟು ಕೊಟ್ಟು, ಮುಟ್ಟಬೇಡಿ ಎಂದು ಬೋರ್ಡು ಹಾಕಿದರು. ಈ ಉಪಚಾರ ನಮಗೆ ಯಾವತ್ತೂ ಆದದ್ದಿಲ್ಲ. ಓರಗಿತ್ತಿ ನೋಡಿ, "ಅಳಿಯ ಬಂದಂಗಾಯ್ತು" ಎಂದಳು. ಇನ್ನು ಮೇಲೆ ಅದು ಅಳಿಯ.

ಮೆಷಿನ್ ಕಂಪನಿಯವನು ವಿವರಿಸಿದ: "ಒಂದ್ಸಲ ನೀವೇ ಹಿಡಿಕೆ ಹಿಡ್ಕೊಂಡು ಹಾಲ್ ಪೂರ್ತಿ ನಡೆಸಿ. ನೀವು ಮಾಡಿದ್ದನ್ನ ಹಾಗೇ ಕಲಿಯುತ್ತೆ. ಆಮೇಲೆ ದಿನಾ ಅದೇ ಮಾಡ್ಕೊಂಡು ಹೋಗುತ್ತೆ. ನೀವು ನೀರು ಬದಲಾಯ್ಸಿ, ಮೂಲೆ ನೋಡ್ಕೊಂಡ್ರೆ ಸಾಕು."

ನಡೆಸಿದೆ. ಒರೆಸುವ ಕೋಲು ಕೈಯಲ್ಲಿಲ್ಲದೆ ಎಷ್ಟೋ ಕಾಲದ ಮೇಲೆ ಹಾಲ್ ದಾಟಿದ್ದು. ಇಷ್ಟು ದಿನ ಕೋಲಿನಿಂದ ನೆಲ ಒರೆಸುತ್ತಿದ್ದೆನೋ, ಕೋಲೂರಿಕೊಂಡು ನಡೆಯುತ್ತಿದ್ದೆನೋ... ಇವತ್ತು ಗೊತ್ತಾಯಿತು. ಹಿಡಿಕೆ ಮೇಲೆ ಭಾರ ಬಿಟ್ಟರೆ ಮೆಷಿನ್ ಓರೆಯಾಗುತ್ತದೆ. ಕಂಬದ ಹತ್ತಿರ ನಿಲ್ಲಿಸಿದೆ. ಲಿಫ್ಟ್ ಹತ್ತಿರ ನಿಲ್ಲಿಸಿದೆ. ಗಿಡದ ಕುಂಡದ ಹತ್ತಿರವೂ. ನೆಲದ ಕಲೆ ನೋಡುವ ನಾಟಕ ಮಾಡಿ ಸುಧಾರಿಸಿಕೊಂಡೆ. ಯಾರಿಗೂ ತಿಳಿಯಲಿಲ್ಲ.

ಮಾರ್ಚ್ ೧೨, ಬುಧವಾರ

ಅಳಿಯ ಒಬ್ಬನೇ ಹೊರಟ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತಿದ್ದವನು ಕಂಬದ ಹತ್ತಿರ ಗಕ್ಕನೆ ನಿಂತ. ಸ್ವಲ್ಪ ಹೊತ್ತು ಬಿಟ್ಟು ಹೊರಟ. ಲಿಫ್ಟ್ ಹತ್ತಿರ ನಿಂತ. ಕುಂಡದ ಹತ್ತಿರ ನಿಂತ.

ಮೆಷಿನ್ ಕಂಪನಿಯವನು ಚಕ್ರ ಬಿಚ್ಚಿ ನೋಡಿದ. ಗೇಟ್ ಕಾಯುವ ಗೇಟಣ್ಣ ನೆಲದಡಿ ವೈರ್ ಇರಬೇಕು ಎಂದ. "ಎಲ್ಲೋ ನೋವಿರೋ ಹಾಗೆ ನಿಲ್ಲುತ್ತಲ್ಲ" ಎಂದು ಯಾರೋ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಮಂಡಿಗೆ ಹೋಯಿತು. ಓರಗಿತ್ತಿ ಅದನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ಕೂತ ಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾ, ಅಳಿಯಂಗೆ ಮಂಡಿನೋವು ಯಾವಾಗಿಂದ?"

ನಗುವೂ ಬಂತು, ಅಳುವೂ ಬಂತು. ಎಲ್ಲ ಹೇಳಿದೆ.

ಮಾರ್ಚ್ ೨೦, ಗುರುವಾರ

ಬರೆಯಲು ಮನಸ್ಸೇ ಇರಲಿಲ್ಲ. ದಿನಾ ಅಳಿಯ ನಿಲ್ಲುವುದು, ದಿನಾ ನಾನು ಸಾಯುವುದು. ಇವತ್ತು ಲಿಫ್ಟಿನಿಂದ ಬಂದ ಯಾರೋ ದೊಡ್ಡವರು ನಿಂತಿದ್ದ ಅಳಿಯನನ್ನು ಎಡವಿದರು. ಮ್ಯಾನೇಜರ್ ಕೆಂಡವಾದರು. ಶನಿವಾರ ಹೊಸದಾಗಿ ಕಲಿಸಬೇಕು, ಅವರೇ ನಿಂತು ನೋಡುತ್ತಾರೆ. ಸರಿಹೋಗದಿದ್ದರೆ ಬೇರೆ ಕಂಪನಿ.

ಬಕೆಟ್ ಸಾರ್ ಮುಖ ಬಾಡಿತ್ತು. "ಒಂದ್ಸಲ ಎಲ್ಲೂ ನಿಲ್ಲಿಸದೆ ನಡೆಸಿಬಿಡಿ. ಆಮೇಲೆ ಚಿಂತೆ ಇಲ್ಲ. ಆಗುತ್ತೆ ತಾನೆ? ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ..."

"ಆಗುತ್ತೆ ಸಾರ್" ಎಂದೆ. ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಾರ್ಚ್ ೨೧, ಶುಕ್ರವಾರ, ಸಂಜೆ

"ನಾನೇ ನಡೆಸ್ಲಾ ಅಕ್ಕಾ?" ಎಂದಳು ಓರಗಿತ್ತಿ. ನಡೆಸಿದರೆ ಮೆಷಿನ್ ಅವಳದಾಗುತ್ತದೆ, ಬಾತ್‌ರೂಮು ನನಗೆ. ಹೇಳುವ ಮೊದಲೇ ಅವಳಿಗೂ ಹೊಳೆಯಿತು.

ಆಮೇಲೆ ಮೆಷಿನ್ ಕಂಪನಿಯವನ ಹತ್ತಿರ ಹೋಗಿ ಏನೇನೋ ಕೇಳಿದಳು. ಕಲಿಸುವಾಗ ಯಾರಾದರೂ ಅಡ್ಡ ಬಂದರೆ? ತಾನೇ ನಿಲ್ಲುತ್ತದಂತೆ, ಆದರೆ ಆ ನಿಲ್ಲುವುದನ್ನು ಕಲಿಯುವುದಿಲ್ಲವಂತೆ. ನಾವು ಹಿಡಿಕೆ ಬಿಟ್ಟು ನಿಲ್ಲಿಸಿದ್ದನ್ನು ಮಾತ್ರ ನೆನಪಿಡುತ್ತದಂತೆ. ಇವಳಿಗೇಕೆ ಈ ಉಸಾಬರಿ?

ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲವರೆಗೆ ನಿಲ್ಲದೆ ನಡೆದು ನೋಡಿದೆ. ನಮ್ಮನೆಯವರು "ಏನೇ ಇದು, ಪೆರೇಡಾ?" ಎಂದರು. ಆಮೇಲೆ ಏನೂ ಕೇಳದೆ ಬಿಸಿನೀರು ಕಾಯಿಸಿ ಮಂಡಿಗೆ ಶಾಖ ಕೊಟ್ಟರು. ಬಹಳ ಹೆದರಿಕೆ ಆಗುತ್ತಿದೆ.

ಮಾರ್ಚ್ ೨೨, ಶನಿವಾರ, ಮಧ್ಯಾಹ್ನ

ಮನೆಗೆ ಬಂದೆ.

ಮ್ಯಾನೇಜರ್, ಬಕೆಟ್ ಸಾರ್ ಗೋಡೆ ಪಕ್ಕ ನಿಂತಿದ್ದರು. ಮೆಷಿನ್ ಕಂಪನಿಯವನು ಬಟನ್ ಒತ್ತಿದ. ಹೊರಟೆ. ಕಂಬ ಬರುವಷ್ಟರಲ್ಲಿ ಮಂಡಿನೋವು ಶುರುವಾಯಿತು. ಹಿಡಿಕೆ ಬಿಡಬೇಕು ಅನ್ನುವಷ್ಟರಲ್ಲಿ—ಧಡ್. 'ನೆಲ ಒದ್ದೆ' ಅನ್ನುವ ಹಳದಿ ಬೋರ್ಡು ಅಳಿಯನ ಮುಂದೆಯೇ ಬಿತ್ತು. ತಾನೇ ನಿಂತ. ಓರಗಿತ್ತಿ "ಅಯ್ಯೋ, ಕೈಜಾರ್ತು" ಎನ್ನುತ್ತ ಬಂದು, ಸಾವಕಾಶವಾಗಿ ಎತ್ತಿ, ಒರೆಸಿ, ಮಡಿಸಿ ಹೋದಳು. ಆಗ ಅರ್ಥವಾಯಿತು ನನಗೆ. ಮರಮಂಡೆ ನನ್ನದು.

ಲಿಫ್ಟ್ ಹತ್ತಿರ ಗೇಟಣ್ಣ ಅಡ್ಡ ಬಂದ. ನಡುವೆ ನಿಂತು ಜೇಬೆಲ್ಲ ತಡಕಿದ. "ಬೀಗದ ಕೈ ಎಲ್ಲಿಟ್ಟೆ..." ಮ್ಯಾನೇಜರ್ ಗದರಿದ ಮೇಲೆ ಜರುಗಿದ.

ಕುಂಡದ ಹತ್ತಿರ ಯಾರೂ ಇಲ್ಲ. ಓರಗಿತ್ತಿ ಬರಲು ಹೊರಟಳು, "ಇನ್ನು ಯಾರೂ ಅಡ್ಡ ಬರಕೂಡದು" ಎಂದು ಮ್ಯಾನೇಜರ್ ಕೈ ತೋರಿಸಿ ತಡೆದರು. ಬಾಗಿಲು ಇನ್ನೂ ದೂರ. ಕಣ್ಣು ಕತ್ತಲೆ ಬಂತು. ಆಯಿತು, ಮುಗಿಯಿತು ಅಂದುಕೊಂಡೆ. ಬೆರಳು ಸಡಿಲವಾಗುತ್ತಿತ್ತು.

ಬಕೆಟ್ ಸಾರ್ ಗೋಡೆ ಬಿಟ್ಟು ಬಂದರು. ನೇರ ಅಳಿಯನ ಮುಂದೆ ಬಂದು ಬಗ್ಗಿದರು. ಅಳಿಯ ನಿಂತ.

"ಏನ್ರೀ ಇದು, ನೀವೂನಾ?" ಎಂದರು ಮ್ಯಾನೇಜರ್.

"ಒಂದ್ನಿಮಿಷ ಸಾರ್. ಶೂ ಲೇಸ್ ಬಿಚ್ಚಿಹೋಗಿದೆ. ಎಡವಿ ಬಿದ್ರೆ ಅದಕ್ಕೂ ನಮ್ಮ ನೆಲಾನೇ ಬೈತೀರಿ."

ಬಗ್ಗಿಯೇ ಇದ್ದರು. ಉಸಿರು ತಿರುಗಿತು, ಮಂಡಿ ಹಿಡಿತಕ್ಕೆ ಬಂತು. ಆಮೇಲೆ ಎದ್ದರು, ನನ್ನ ಕಡೆ ನೋಡಲೂ ಇಲ್ಲ. ಬಾಗಿಲವರೆಗೆ ಹೋಗಿ ಮುಟ್ಟಿದೆ.

ಅಳಿಯನನ್ನು ಒಬ್ಬನೇ ಬಿಟ್ಟರು. ಈ ತುದಿಯಿಂದ ಆ ತುದಿಗೆ ಎಲ್ಲೂ ನಿಲ್ಲದೆ ಹೋದ. ಮ್ಯಾನೇಜರ್ ತಲೆಯಾಡಿಸಿ ಹೊರಟರು. ಕಾಂಟ್ರ್ಯಾಕ್ಟ್ ಉಳಿಯಿತು. ಹೊರಡುವಾಗ ಬಕೆಟ್ ಸಾರ್ ಎಂದರು: "ಸೋಮವಾರ ರಜೆ ತಗೊಳ್ಳಿ. ಮಂಡಿ ಡಾಕ್ಟರಿಗೆ ತೋರಿಸ್ಕೊಂಡು ಮಂಗಳವಾರ ಬನ್ನಿ."

ಬಸ್ಸಿನಲ್ಲಿ ಓರಗಿತ್ತಿಯನ್ನು ಹಿಡಿದು ಕೇಳಿದೆ, ಸಾರ್‌ಗೆ ಹೇಳಿದ್ದು ನೀನೇನಾ ಎಂದು. "ಇಲ್ಲ ಅಕ್ಕಾ, ನಿನ್ನಾಣೆ. ಗೇಟಣ್ಣಂಗೆ ಬಿಟ್ರೆ ಯಾರಿಗೂ ಹೇಳಿಲ್ಲ."

ಹಾಗಾದರೆ ಅವರು ಬಗ್ಗಿದ್ದು... ಆ ಕಾಲು ಕಣ್ಣ ಮುಂದೆಯೇ ಇದೆ. ಕಪ್ಪು ಶೂ. ಸುಮ್ಮನೆ ಕಾಲು ತೂರಿಸಿ ಹಾಕಿಕೊಳ್ಳುವಂಥದ್ದು. ಲೇಸೇ ಇಲ್ಲ. ಅಷ್ಟು ಹೊತ್ತು ಬಗ್ಗಿಕೊಂಡು ಅವರು ಕಟ್ಟಿದ್ದು ಏನನ್ನು—